ಉಚಿತ ವಕೀಲರು ಪೊಲೀಸರ ಕಡೆಯವರಾ?

‘ಆರೋಪಿಗೆ ಸರ್ಕಾರ ಕೊಡುವ ಉಚಿತ ವಕೀಲರು ಪೊಲೀಸರ ಕಡೆಯವರು, ಅದೂ ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ’ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಎರಡೂ ಮಾತು ತಪ್ಪು.

ಸರ್ಕಾರದ ಪರ ವಾದಿಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಕಾನೂನು ನೆರವಿನ ವಕೀಲರು ಬೇರೆ, ಅವರು ಆರೋಪಿಯ ಪರವೇ ನಿಲ್ಲುತ್ತಾರೆ. ಇಬ್ಬರಿಗೂ ಸರ್ಕಾರದ ಹಣವೇ ಬರುವುದರಿಂದ ಗೊಂದಲ ಆಗುವುದು ಸಹಜ, ಅಲ್ವಾ? ಈಗ ಅನೇಕ ಜಿಲ್ಲೆಗಳಲ್ಲಿ ಆರೋಪಿಗಳ ಪರ ಉಚಿತವಾಗಿ ವಾದಿಸಲೆಂದೇ ಪೂರ್ಣಾವಧಿ ಕಚೇರಿಗಳಿವೆ. ಅಂಥ ಕಚೇರಿಯ ಮುಖ್ಯಸ್ಥರಾಗಲು ಕ್ರಿಮಿನಲ್ ಪ್ರಕರಣಗಳಲ್ಲಿ ಕನಿಷ್ಠ 10 ವರ್ಷ ವಕೀಲಿ ಮಾಡಿರಬೇಕು. ಅಂಥವರು ಮೊದಲು ಗಮನ ಕೊಡಬೇಕಾದದ್ದು ಬಂಧನವಾದ ಮೊದಲ ಗಂಟೆಗಳಿಗೆ ಎಂಬುದು ನನ್ನ ಅನಿಸಿಕೆ. ಆಗಲೇ ಜನ ಜಾಸ್ತಿ ಹೆದರಿರುತ್ತಾರೆ.

ಇನ್ನು ಅರ್ಹತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಸಂಬಳ ಪಡೆಯುವ ಹೆಣ್ಣುಮಗಳೂ ಕೇಳಬಹುದು. ಆದಾಯದ ಲೆಕ್ಕ ಬರುವುದು ಈ ಪಟ್ಟಿಯಲ್ಲಿ ಇಲ್ಲದವರಿಗೆ.

ಇಂಥ ಸಂದೇಶ ಬಂದರೆ ಅದರಲ್ಲಿ ಕಾಯ್ದೆಯ ಹೆಸರು, ಸೆಕ್ಷನ್ ಇದೆಯೇ ನೋಡಿ. ಇದ್ದರೆ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಮೂಲ ಕಾಯ್ದೆ ಓದಿ, ಅದು ಉಚಿತ. ಓದುವುದು ಕಷ್ಟವಾದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯಲ್ಲೂ ಕೇಳಬಹುದು. ಸಂದೇಶ ಕಳಿಸಿದವರಿಗೂ ಆ ನಂಬರ್ ಕೊಡಿ. ಹೆಚ್ಚಿನವರು ಕಾಳಜಿಯಿಂದಲೇ ಕಳಿಸಿರುತ್ತಾರೆ.