ಕಾಟೇಜಿನ ಮಾತು ಆಮೇಲೆ

ಒಡಿಶಾದ ಭಿತರ್‌ಕನಿಕಾ ರಾಷ್ಟ್ರೀಯ ಉದ್ಯಾನದ ಬಗ್ಗೆ ಲೇಖನವೊಂದನ್ನು ಓದಿದೆ. ಅಲ್ಲಿ ಪ್ರವಾಸಿಗರಿಗೆ ಇನ್ನಷ್ಟು ಕಾಟೇಜು ಬೇಕೆನ್ನುವ ಲೇಖಕರ ಮಾತಿಗೆ ನನ್ನ ತಕರಾರಿದೆ. ಮೊಸಳೆಗಳು ಮೊಟ್ಟೆಯಿಡುವ ಕಾಲವೆಂದು ಮೇ 1ರಿಂದ ಜುಲೈ 31ರವರೆಗೆ ಅಲ್ಲಿ ಪ್ರವಾಸಿಗರಿಗೆ ಬಾಗಿಲು ಹಾಕುತ್ತಾರಲ್ಲ, ನನಗೆ ಹಿಡಿಸಿದ್ದು ಅದು.

ನಾನು ಕಲಬುರಗಿಯವನು. ನಮ್ಮ ಚಿಂಚೋಳಿ ಕಾಡು ವನ್ಯಜೀವಿ ಧಾಮವಾದದ್ದು 2011ರಲ್ಲಿ. ಅಲ್ಲಿಯ ಹಾಗೆ ಇಲ್ಲಿ ಕಡಲಿಲ್ಲ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿಲ್ಲ, ಚಂದ್ರಂಪಳ್ಳಿ ಜಲಾಶಯವಿದೆ. ಕಳೆದ ಶ್ರಾವಣದಲ್ಲಿ ಹೋದಾಗ ದಂಡೆಯ ಮೇಲೆ ಕಂಡದ್ದು ಬಿರಿಯಾನಿ ಮೆತ್ತಿದ ಥರ್ಮಾಕೋಲ್ ತಟ್ಟೆಗಳು (ಶ್ರಾವಣದಲ್ಲಿ!), ಒಡೆದ ಬಾಟಲಿ, ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಹಾಡು ಹಚ್ಚಿದ ಹುಡುಗರು. ಹಕ್ಕಿಯ ಸದ್ದೇ ಇಲ್ಲ.

ಅದೇ ದಿನ ಹತ್ತಿರದ ತಾಂಡಾದಲ್ಲಿ ತಾಯಿಯೊಬ್ಬರು ಬಿಸಿ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಕೊಟ್ಟರು. ದುಡ್ಡು ಕೊಡಲು ಹೋದರೆ, ‘ಊಟಕ್ಕೆ ಯಾರು ರೊಕ್ಕ ತೆಗೆದುಕೊಳ್ಳುತ್ತಾರೆ?’ ಎಂದು ನಕ್ಕರು. ಪ್ರವಾಸಿಗರ ಹಣ ಮೊದಲು ಸೇರಬೇಕಾದದ್ದು ಅಂಥ ಮನೆಗಳಿಗೆ.