ಮೆಷಿನ್ ಮೇಲೊಂದು ಫೋಟೊ, ಟ್ಯಾಗ್ ಮೇಲೊಂದು ಫೋಟೊ

ನಮ್ಮ ತಾಲ್ಲೂಕುಗಳಲ್ಲಿ ಮಹಿಳಾ ಸಬಲೀಕರಣವನ್ನು ಅಳೆಯುವುದು ಬಲು ಸುಲಭ. ಶಾಮಿಯಾನದ ಕೆಳಗೆ ಎಷ್ಟು ಹೊಲಿಗೆ ಯಂತ್ರ ಸಾಲಾಗಿ ನಿಂತಿವೆ ಎಂದು ಎಣಿಸಿದರಾಯಿತು. ಯಂತ್ರಕ್ಕೆ ಹಾರ, ಚಕ್ರಕ್ಕೆ ಕುಂಕುಮ, ಮೈತುಂಬ ಸಾಹೇಬರ ಸ್ಟಿಕ್ಕರ್. ಸೂಜಿ ಮಾತ್ರ ಇರುವುದಿಲ್ಲ. ಅದು ಬೇರೆ ಟೆಂಡರ್.

ಆ ತುಳಿಯುವ ಯಂತ್ರದಲ್ಲೇ ಮೂರು ತಿಂಗಳ ತರಬೇತಿ. ಲಂಗ, ದಿಂಬಿನ ಕವರ್, ಕೊನೆಯ ವಾರ ಒಂದು ರವಿಕೆ. ಸರ್ಟಿಫಿಕೇಟಿನಲ್ಲಿ ಮಾತ್ರ ಬಂಗಾರದ ಅಕ್ಷರ: 'ಇಂಡಸ್ಟ್ರಿಯಲ್ ಸೀವಿಂಗ್ ಮೆಷಿನ್ ಆಪರೇಟರ್'. ಎತ್ತಿನ ಗಾಡಿ ಹೊಡೆಸಿ ಲಾರಿ ಲೈಸೆನ್ಸ್ ಕೊಟ್ಟ ಹಾಗೆ.

ಅದನ್ನು ಹಿಡಿದು ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಿರುವ ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಹೋದರೆ ಎದುರಿಗೆ ಜೂಕಿ ಕಂಪನಿಯ ಕರೆಂಟಿನ ಯಂತ್ರ. ನಿಮಿಷಕ್ಕೆ 4,000 ಹೊಲಿಗೆ ದಾಟಬಲ್ಲ ಮೆಷಿನ್. ಊರಿನ ರೂಢಿಯಲ್ಲಿ ಪೆಡಲ್ ಮೇಲೆ ಕಾಲೂರಿದರೆ ಬಟ್ಟೆ ಕೈತಪ್ಪಿ ಓಡುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸ್ಸರ್ ಫೂಟ್ ಎತ್ತಲು ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಆ ಕೆಲಸ ಬಲ ಮೊಣಕಾಲಿನದು. ಮನೆಯ ಯಂತ್ರದ ಸೂಜಿಯ ಬುಡ ಒಂದು ಮಗ್ಗುಲು ಚಪ್ಪಟೆ, ಹೇಗೆ ಕೂರಿಸಬೇಕೆಂದು ಅದೇ ಹೇಳುತ್ತದೆ. ಜೂಕಿಯ ಸೂಜಿಗೆ ಬುಡ ದುಂಡಗೆ. ಉದ್ದನೆಯ ಗೀರು ಎಡಕ್ಕಿರಬೇಕು. ಅದು ತಿರುಗಿ ಕೂತರೆ ಕೆಳಗೆ ದಾರ ಹಿಡಿಯುವ ಹುಕ್ಕಿಗೆ ದಾರ ಸಿಗದೆ ಹೊಲಿಗೆ ಹಾರುತ್ತದೆ. ಸೂಪರ್‌ವೈಸರ್ ಹಾರಾಡುವುದು ಆಮೇಲೆ.

ಕಲಿಸುವುದಕ್ಕೆ ಇದೇನು ಬ್ರಹ್ಮವಿದ್ಯೆಯಲ್ಲ. ಮೊದಲ ವಾರ ದಾರವೇ ಇಲ್ಲದೆ ಕಾಗದದ ಮೇಲೆ ಗೆರೆ, ಚೌಕ, ಸುರುಳಿ ಹೊಲಿಸಿ. ತೂತುಗಳು ಗೆರೆಯ ಮೇಲೇ ಬಿದ್ದರೆ ಕಾಲು ಪಳಗಿತು. ಕೆಳದಾರದ ಬಿಗಿ ನೋಡಲು, ಆ ದಾರದ ಉರುಳೆ ಕೂರುವ ಬಾಬಿನ್ ಕೇಸನ್ನು ದಾರದ ತುದಿ ಹಿಡಿದು ಇಳಿಬಿಡಿ. ತಾನಾಗಿ ಜಾರಿದರೆ ಸಡಿಲ, ಜಾಡಿಸಿದರೂ ಕದಲದಿದ್ದರೆ ಬಿಗಿ, ಮೆಲ್ಲಗೆ ಜಾಡಿಸಿದಾಗ ಇಂಚಿನಷ್ಟು ಇಳಿದು ನಿಂತರೆ ಸರಿ. ಆದರೆ ಇದೆಲ್ಲ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ನೋಡಿ.

ಫೋಟೊ ಚೆನ್ನಾಗಿ ಬರುವುದು, ಹೊಲಿದವರಿಗೆ ಅನ್ಯಾಯ ಮಾಡದ ಬಟ್ಟೆ ಎಂದು ಹೇಳಿ ಮಾರುವ ನಗರದ 'ನೈತಿಕ ಉಡುಪಿ'ನವರಲ್ಲಿ. 2013ರಲ್ಲಿ ಢಾಕಾ ಬಳಿ ಗಾರ್ಮೆಂಟ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ, ಈ ಬಟ್ಟೆ ಹೊಲಿದವರು ಯಾರು ಎಂದು ಜಗತ್ತು ಕೇಳತೊಡಗಿತು. ಉತ್ತರವಾಗಿ ಟ್ಯಾಗ್ ಬಂತು. ಸೆಣಬಿನ ದಾರ, ಬೀಜ ಸೇರಿಸಿದ ಕಾಗದ, ಅದರ ಮೇಲೆ ನಗುತ್ತಿರುವ ಅಕ್ಕ, ಕೆಳಗೆ 'ನಿಧಾನವಾಗಿ, ಪ್ರೀತಿಯಿಂದ ಹೊಲಿದದ್ದು'. ಅಕ್ಕನಿಗೆ ಪೀಸ್ ರೇಟು, ಹೊಲಿದ ಪೀಸಿನ ಲೆಕ್ಕದಲ್ಲಿ ಕೂಲಿ. ನಿಧಾನವಾದಷ್ಟೂ ಕೂಲಿ ಇಳಿಯುತ್ತದೆ.

ಆರ್ಡರು 40 ಕುರ್ತಾ, ಐದು ಸೈಜು. ಕೈಮಗ್ಗದ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ 'ಎಲ್' ಹೋಗಿ 'ಎಂ' ಆಗುತ್ತದೆ. ಥಾನಿನಿಂದ ಥಾನಿಗೆ ಬಣ್ಣ ಬೇರೆ. ಕತ್ತರಿಸಿದ ಪೀಸಿಗೆ ನಂಬರ್ ಅಂಟಿಸದಿದ್ದರೆ ತೋಳೊಂದು ಬಣ್ಣ, ಮೈಯೊಂದು ಬಣ್ಣ. ಬಟ್ಟೆಯ ಬಣ್ಣ ಬದಲಾದಾಗ ಅಂಚು ಕಟ್ಟುವ ಓವರ್‌ಲಾಕ್ ಮೆಷಿನ್ನಿನ ಮೂರೂ ದಾರ ಬದಲಿಸು, ಕುತ್ತಿಗೆ ಪಟ್ಟಿ ಸುಕ್ಕಾದರೆ ಬಿಚ್ಚು. ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಬರೀ ಕಾಲರ್ ಕೂರಿಸಿದವಳಿಗೆ ಕುರ್ತಾದ ಎದೆಯ ಮೇಲಿನ ಮುಂಪಟ್ಟಿ ಹೊಸದು, ಅದಕ್ಕೂ ಹೊತ್ತು ಬೇಕು. 4,000 ಪೀಸಿನ ಆರ್ಡರಿನಲ್ಲಿ ಈ ಹೊತ್ತೆಲ್ಲ ಹಂಚಿಹೋಗುತ್ತದೆ. 40ರಲ್ಲಿ ಪೂರಾ ಅಕ್ಕನ ತಲೆಗೆ. ಪೀಸಿಗೆ ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ರೇಟು ಕಟ್ಟಿ ಅಂದರೆ, 'ಅಯ್ಯೋ, ಅದು ಫ್ಯಾಕ್ಟರಿ ಪದ್ಧತಿ, ನಮ್ಮದು ಮಾನವೀಯ' ಅನ್ನುತ್ತಾರೆ.

ಟ್ಯಾಗನ್ನು ಕುಂಡದಲ್ಲಿ ಹೂತು ನೀರು ಹಾಕಿದರೆ ತುಳಸಿ ಬರುತ್ತದಂತೆ. ಹಿಂಬದಿಯಲ್ಲಿ ಬರೆದಿದೆ, ಇಂಗ್ಲಿಷಿನಲ್ಲಿ. ಅಕ್ಕನ ಹೆಸರೂ ಇಂಗ್ಲಿಷಿನಲ್ಲೇ ಇದೆ, ಒಂದಕ್ಷರ ತಪ್ಪಾಗಿ.