ಪರ-ವಿರೋಧ: ಗ್ರಾಮಸಭೆಯಲ್ಲಿ ಹವಾಮಾನ, ಮಾನವ ಹಕ್ಕುಗಳ ಚರ್ಚೆಗೆ ಸಮಯ ಮೀಸಲಿಡಬೇಕೇ?

ಪರ
(ಮಾನ್ವಿ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿ)

ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದಲ್ಲಿ ಬದುಕುವವರಿಗೆ ಹವಾಮಾನವೆಂಬುದು ದೂರದ ವಿಷಯವಲ್ಲ. 2023ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಎಲ್ ನಿನೊ ತಲೆದೋರಿತು; ಮುಂಗಾರು ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ನಾಟಿ, ಕೊಯ್ಲುಗಳನ್ನೇ ನಂಬಿದ್ದ ಕೂಲಿ ಕುಟುಂಬಗಳು ಗುಳೆ ಹೊರಟವು. ಅದೇ ವರ್ಷ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಅದರ ಬಿಸಿ ಆಫ್ರಿಕಾದ ಬಡ ದೇಶಗಳಿಗೂ ತಟ್ಟಿತು. ನಮ್ಮ ಗದ್ದೆಗೂ ಜಗತ್ತಿಗೂ ಇಷ್ಟು ಹತ್ತಿರದ ನಂಟಿರುವಾಗ, ಗ್ರಾಮಸಭೆ ಮಾತ್ರ ಅದರ ಬಗ್ಗೆ ಬಾಯಿ ಬಿಡಬಾರದು ಎನ್ನುವುದು ಯಾವ ನ್ಯಾಯ?

ಆ ವರ್ಷ ದೀಪಾವಳಿ ಕಳೆದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ವಿಚಾರಿಸಲು ಮನೆಗೆ ಹೋದಾಗ ಅಂಗಳದಲ್ಲಿ ಟ್ರಂಕು, ಕೌದಿಯ ಗಂಟು, ಜೋಳದ ಚೀಲ, ಕಟಕ ರೊಟ್ಟಿ ತುಂಬಿದ ಡಬ್ಬಿ ಸಾಲಾಗಿದ್ದವು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟಿದ್ದ ತಾಯಿ, "ಕಾಲುವಿಗಿ ನೀರ ಬರ್ಲಿಲ್ರಿ ಅಕ್ಕೋರ, ಇಲ್ಲಿ ಕುಂತು ಏನ್ ಮಾಡೂನು? ಸಣ್ಣ ಕೂಸಿನ್ನ ನೋಡಾಕ ಇಕಿ ಬೇಕು" ಎಂದರು. ಹುಡುಗಿ ತನ್ನ ಪುಸ್ತಕದ ಚೀಲವನ್ನು ಟ್ರಂಕಿನ ಮೇಲಿಟ್ಟಿದ್ದಳು. ಜಾಗವಿಲ್ಲವೆಂದು ತಂದೆ ಅದನ್ನು ತೆಗೆದು ಗೋಡೆಯ ಗೂಟಕ್ಕೆ ತೂಗುಹಾಕಿದರು. ನಾನು ಎಷ್ಟು ಹೇಳಿದರೂ ಅವರಿಗೆ ಬೇರೆ ದಾರಿ ಇರಲಿಲ್ಲ.

ದಾರಿ ಇತ್ತು, ಅದು ಅವರ ಊರಿಗೆ ತಲುಪಿರಲಿಲ್ಲ ಎಂಬುದೇ ನನ್ನ ಸಂಕಟ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಲಸೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ಹಾಸ್ಟೆಲ್ ತೆರೆಯುವುದಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಮಳೆ ಕೈಕೊಟ್ಟ ಆಗಸ್ಟ್ ತಿಂಗಳಲ್ಲೇ ಗ್ರಾಮಸಭೆ ಕೂತು, ಯಾವ ಯಾವ ಮನೆಗಳು ಗುಳೆ ಹೋಗಲಿವೆ ಎಂದು ಪಟ್ಟಿ ಮಾಡಿ, ನಡಾವಳಿಯಲ್ಲಿ ಬರೆದು ಹಾಸ್ಟೆಲ್ ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಗುಳೆಯನ್ನು ನಮ್ಮ ಸೀಮೆ ಹಣೆಬರಹವೆಂದು ಒಪ್ಪಿಕೊಂಡಿದೆಯೇ ಹೊರತು ಹಕ್ಕಿನ ಪ್ರಶ್ನೆಯೆಂದು ಎಂದೂ ಕಂಡಿಲ್ಲ.

ಶುದ್ಧ, ಆರೋಗ್ಯಕರ ಪರಿಸರ ಮನುಷ್ಯನ ಹಕ್ಕು ಎಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2022ರ ಜುಲೈ 28ರಂದು 161 ದೇಶಗಳ ಮತದೊಂದಿಗೆ ನಿರ್ಣಯಿಸಿತು, ಭಾರತವೂ ಅದರ ಪರ ಮತ ಹಾಕಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದಲ್ಲಿಯೇ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ದೆಹಲಿಯಲ್ಲಿ ಒಪ್ಪಿದ ಮಾತನ್ನು ಹಳ್ಳಿಯ ಕಟ್ಟೆಯ ಮೇಲೆ ಆಡಬಾರದೇ? ವಿರೋಧಿಸುವವರ ವಾದವೆಲ್ಲ ಕೊನೆಗೆ ಬಂದು ನಿಲ್ಲುವುದು "ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ" ಎಂಬಲ್ಲಿಗೇ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ದರದ ಏರಿಳಿತವನ್ನು ದಿನವೂ ಲೆಕ್ಕ ಹಾಕುವ ರೈತನಿಗೆ ಇದು ತಿಳಿಯದೆ ಮತ್ತಾರಿಗೆ ತಿಳಿದೀತು? ಇನ್ನು ಕೊನೆಭಾಗಕ್ಕೆ ನೀರು ಬರದಿರುವುದಕ್ಕೆ ಮೇಲ್ಭಾಗದವರ ನೀರುಗಳ್ಳತನವೇ ಕಾರಣ ಎನ್ನುವವರೂ ಇದ್ದಾರೆ; ಅದು ಬೇರೆಯೇ ವಿಷಯ, ಅದನ್ನು ನೀರಾವರಿ ಇಲಾಖೆ ನೋಡಿಕೊಳ್ಳಲಿ. ಪ್ರತಿ ಗ್ರಾಮಸಭೆಯಲ್ಲೂ ಅರ್ಧ ಗಂಟೆ ಈ ಚರ್ಚೆಗೆ ಸಿಗಬೇಕು, ಅದು ನಡಾವಳಿಗೆ ಸೇರಬೇಕು.

ವಿರೋಧ
(ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸಿಂಧನೂರು)

ವಿರೋಧದ ಪಕ್ಷವನ್ನು ಮಂಡಿಸುವಂತೆ ಸಂಪಾದಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಮಾನವ ಹಕ್ಕುಗಳ ಅರಿವು ಬೇಡವೆಂದು ನಾನು ಹೇಳಲಾರೆ. ಆದರೆ ಗ್ರಾಮಸಭೆ ಅದಕ್ಕೆ ತಕ್ಕ ಜಾಗವಲ್ಲ.

ಗ್ರಾಮಸಭೆಗೆ ಬರುವವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ, ಕುಡಿಯುವ ನೀರು, ನಿಂತುಹೋದ ಪಿಂಚಣಿ, ಕ್ರಿಯಾಯೋಜನೆ ಇವಿಷ್ಟನ್ನೇ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟುತ್ತದೆ, ಅಷ್ಟು ಹೊತ್ತಿಗೆ ಹೆಂಗಸರು ಎದ್ದು ಮನೆಗೆ ಹೊರಟಿರುತ್ತಾರೆ. ಪಿಂಚಣಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಸರದಿಗಾಗಿ ಕಾಯುವ ಅಜ್ಜಿಯ ಮುಂದೆ ಹವಾಮಾನ ಕುರಿತ ಜಾಗತಿಕ ಪ್ಯಾರಿಸ್ ಒಪ್ಪಂದವನ್ನು ವಿವರಿಸುತ್ತ ಕೂರುವುದು ಅವಳ ಹಕ್ಕನ್ನು ಕಾಪಾಡಿದಂತಾಗುವುದಿಲ್ಲ.

ಇನ್ನೊಂದು ಅಪಾಯವಿದೆ. ಕೊನೆಭಾಗಕ್ಕೆ ನೀರು ಬರದಿರುವುದಕ್ಕೆ ಆಕಾಶವೊಂದೇ ಕಾರಣವಲ್ಲ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಇಟ್ಟು ಅಕ್ರಮವಾಗಿ ನೀರೆತ್ತುವುದು ಹೊಸ ಸಂಗತಿಯೇನಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಇವು ಉತ್ತರದಾಯಿತ್ವದ ಪ್ರಶ್ನೆಗಳು. ಎಲ್ಲವನ್ನೂ ಜಾಗತಿಕ ಸವಾಲಿನ ಲೆಕ್ಕಕ್ಕೆ ಬರೆದರೆ ಹೊಣೆಗಾರರು ಸಲೀಸಾಗಿ ನುಣುಚಿಕೊಳ್ಳುತ್ತಾರೆ.

ಹಕ್ಕಿನ ಉಲ್ಲಂಘನೆಯಾದಾಗ ಮೊರೆಯಿಡಲು ಮಾನವ ಹಕ್ಕುಗಳ ಆಯೋಗಗಳಿವೆ, ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಶಿಕ್ಷಕಿಯವರು ಹೇಳಿದ ಹುಡುಗಿಯ ವಿಷಯವನ್ನು ಮಕ್ಕಳ ಗ್ರಾಮಸಭೆಯಲ್ಲಿ ಎತ್ತಬಹುದಾಗಿತ್ತು. ಗುಳೆ ಹೋಗುವವರ ಪಟ್ಟಿಯನ್ನು ಪಂಚಾಯಿತಿ ಸಿದ್ಧಪಡಿಸಬೇಕೆಂಬ ಅವರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಆ ಪಟ್ಟಿಗೆ ಬೇಕಾಗಿರುವುದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಸಿಬ್ಬಂದಿ, ಅರ್ಧ ಗಂಟೆಯ ಚರ್ಚೆಯಲ್ಲ.